ಕ್ರೂಸರ್ ಬಾಡಿಗೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಮಕ್ತುಮಸಾಬನ ಮನೆ. ಹಮಾಲಿ ಮಾಡಿ ಬೆನ್ನು ಕೆಡಿಸಿಕೊಂಡ ಮುದುಕ ಈಗ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನು ವಿಚಾರಿಸುತ್ತಾನೆ. ಮಗ ದಿಲಾವರ ಲಾರಿ ಓಡಿಸುತ್ತಾನೆ. ಅವನು ಮನೆಯಲ್ಲಿದ್ದ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು, ಕಳಿಸುವ ದುಡ್ಡು ಮನೆಖರ್ಚಿಗೇ ಸಾಲದು. ಸೊಸೆ ಸಾಜಿಯಾ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಾಳೆ. ಸಂಜೆ ಬಂದು ಉರಿಯುವ ಬೆರಳಿಗೆ ಎಣ್ಣೆ ಹಚ್ಚಿಕೊಂಡೇ ರೊಟ್ಟಿ ಬಡಿಯಲು ಕೂರುತ್ತಾಳೆ.

ಮಕ್ತುಮಸಾಬನ ಹೆಂಡತಿ ಅಕ್ಬರಬಿಗೆ ಕಿಡ್ನಿ ಕೆಟ್ಟಿದೆ. ವಾರಕ್ಕೆರಡು ಸಲ ಹಾವೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಅಲ್ಲಿ ದುಡ್ಡು ಕೇಳುವುದಿಲ್ಲ. ಬಸ್ಸಿನಲ್ಲೂ ಹೆಂಗಸರಿಗೆ ಪುಕ್ಕಟೆ. ಹಾಗಾದರೆ ಕಷ್ಟವೇನು ಎಂದು ನೀವು ಕೇಳಬಹುದು. ಮನೆಯಿಂದ ಬಸ್‌ಸ್ಟ್ಯಾಂಡಿಗೆ, ಅಲ್ಲಿ ಇಳಿದು ಆಸ್ಪತ್ರೆಗೆ ಆಟೊ ಬೇಕು. ಜೊತೆಗೆ ಹೋದ ಸಾಜಿಯಾಳ ಅಂದಿನ ಕೂಲಿ ಹೋಗುತ್ತದೆ. ಇದನ್ನೆಲ್ಲ ಅಕ್ಬರಬಿಯ ವೃದ್ಧಾಪ್ಯ ಪಿಂಚಣಿ ಹೇಗೋ ತೂಗಿಸುತ್ತಿತ್ತು.

ತೂಗಿಸಲು ಬಿಡದವರು ಬಳಗದವರು. ಅವರಲ್ಲಿ ಒಂದು ಪದ್ಧತಿ. ಯಾರಾದರೂ ಹಾಸಿಗೆ ಹಿಡಿದರೆ ಗಾಡಿ ತುಂಬ ಮಂದಿ ಬಂದು ಮಾತಾಡಿಸಬೇಕು. ಆ ಗಾಡಿಯ ಬಾಡಿಗೆ, ಬಂದವರ ಊಟ ಎರಡೂ ರೋಗಿಯ ಮನೆಯವರ ಮೇಲೆ. ಇದನ್ನು ಹುಟ್ಟುಹಾಕಿದ ಪುಣ್ಯಾತ್ಮನಿಗೆ ನೆಗಡಿಯೂ ಬಂದಿರಲಿಕ್ಕಿಲ್ಲ. ಅಕ್ಬರಬಿಯ ಅಣ್ಣ ದಾದಾಪೀರ ಕದರಮಂಡಲಗಿಯಿಂದ ಕ್ರೂಸರ್ ತುಂಬಿಸಿಕೊಂಡು ಬಂದ. ಅವನ ಹಿಂದೆಯೇ ರಾಣೆಬೆನ್ನೂರಿನ ಬೀಗರೂ ಬರುತ್ತೇವೆಂದು ಹೇಳಿ ಕಳಿಸಿದರು. ಬಂದವರು ಅವಳ ಕೈ ಹಿಡಿದು ಅತ್ತರು, ಉಂಡರು, ಹೋದರು. ಆ ಅಳು ಸುಳ್ಳಲ್ಲ, ಅದನ್ನೂ ಹೇಳಬೇಕು.

ಬಂದವರಿಗೆ ಚಹಾ ಕೊಡೋಣ, ಬಾಡಿಗೆ ಮಾತ್ರ ಬೇಡ ಎಂದು ಸಾಜಿಯಾ ಮಾವನಿಗೆ ಹೇಳಿ ನೋಡಿದಳು.

“ನಾಕು ಮಂದಿ ಬಂದು ಹೋದ್ರನ ಮನೀಗೆ ಮಾನ,” ಎಂದ ಮಕ್ತುಮಸಾಬ. “ಬಾಡಿಗಿ ಕೊಡಲಿಲ್ಲ ಅಂದ್ರ ನಾಳೆ ನಮ್ಮ ಮಣ್ಣಿಗೂ ಯಾರೂ ಬರಂಗಿಲ್ಲ.”

“ಮಾಮಾ, ಮಣ್ಣಿಗೆ ಬರೋರ ಸಲುವಾಗಿ ಈಗ ಅಮ್ಮನ್ನ ದವಾಖಾನಿಗೆ ಒಯ್ಯೋದು ಬಿಡೂನೇನ್ರಿ?”

ಮುದುಕ ಎದ್ದು ಕಟ್ಟೆಗೆ ಹೋಗಿ ಕುಳಿತ. ಆ ತಿಂಗಳ ಪಿಂಚಣಿ ಬೀಗರ ಗಾಡಿಗೆ ಹೋಯಿತು.

ಆಟೊಗೆ ದುಡ್ಡಿಲ್ಲದೆ ಎರಡು ಸರದಿ ತಪ್ಪಿದವು. ಅಕ್ಬರಬಿಯ ಕಾಲು, ಮುಖ ಬಾತವು. ಮಲಗಿದರೆ ಉಸಿರು ಸಿಗದಾಯಿತು. ಆಂಬುಲೆನ್ಸಿನಲ್ಲಿ ಒಯ್ದು ವಾರ್ಡಿಗೆ ಸೇರಿಸಿದರು. ಸಾಜಿಯಾ ಅಲ್ಲೇ ಉಳಿದಳು, ಕೂಲಿ ಪೂರ್ತಿ ನಿಂತಿತು. ಇತ್ತ ರೇಷನ್ ಅಂಗಡಿಯಲ್ಲಿ ಮಕ್ತುಮಸಾಬನ ಸವೆದ ಬೆರಳನ್ನು ಯಂತ್ರ ಹಿಡಿಯಲಿಲ್ಲ. ಮಗ ಲಾರಿಯ ಮೇಲೆ ದೂರ, ಹೆಬ್ಬೆಟ್ಟು ಒತ್ತಬೇಕಾದ ಹೆಂಗಸರಿಬ್ಬರೂ ಆಸ್ಪತ್ರೆಯಲ್ಲಿ. ಆ ತಿಂಗಳ ಅಕ್ಕಿಯೂ ತಪ್ಪಿತು. ಸರ್ಕಾರ ಕೊಡುವುದು ಮನೆಗೆ ಬರಬೇಕಾದರೂ ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ನಿಂತಿರಬೇಕು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಅಂಥ ಹೊತ್ತಿನಲ್ಲೇ ದಾದಾಪೀರ ಮತ್ತೆ ಕ್ರೂಸರ್ ತಂದ. ಮಂಚದ ಸುತ್ತ ಕಾಲಿಡಲು ಜಾಗವಿಲ್ಲ. ನರ್ಸಮ್ಮ ಗದರಿ ಅರ್ಧ ಮಂದಿಯನ್ನು ಹೊರಗೆ ಕಳಿಸಿದಳು. ಹೊರಡುವಾಗ ದಾದಾಪೀರ, ಡ್ರೈವರ್ ಕಾಯುತ್ತಿದ್ದಾನೆ ಎಂದು ಭಾವನಿಗೆ ಮೆಲ್ಲಗೆ ಹೇಳಿದ. ಮಕ್ತುಮಸಾಬ ಜೇಬಿಗೆ ಕೈ ಹಾಕಿದ. ಅದರಲ್ಲಿದ್ದದ್ದು ಸಾಜಿಯಾ ತನ್ನ ಕಿವಿಯೋಲೆ ಒತ್ತೆಯಿಟ್ಟು ತಂದ ದುಡ್ಡು, ಮುಂದಿನ ಸರದಿಗಳ ಆಟೊಗೆಂದು ಕೊಟ್ಟಿದ್ದು.

ಅಕ್ಬರಬಿ ಗಂಡನ ಕೈ ಹಿಡಿದಳು. ಕೊಡಬೇಡಿ ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿದಳು. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳಬೇಕಾಗಿತ್ತು.

“ಭಾಯಿ, ನೀವು ನನ್ನ ನೋಡಾಕ ಬಂದ ಬಾಡಿಗಿ ದುಡ್ಡಿನ್ಯಾಗ ನಾ ಹಿಂಗ ವಾರ್ಡಿಗೆ ಬೀಳೂದು ತಪ್ಪತಿತ್ತು. ಇನ್ನ ಮ್ಯಾಲೆ ಗಾಡಿ ತುಂಬ ಬರಬ್ಯಾಡ್ರಿ. ನನ್ನ ಮ್ಯಾಲೆ ಜೀವ ಇದ್ರ ಸರದಿ ಹಚ್ಚಿ ಒಬ್ಬೊಬ್ಬರು ಬರ್ರಿ, ನನ್ನ ಡಯಾಲಿಸಿಸ್‌ಗೆ ಕರಕೊಂಡು ಹೋಗ್ರಿ. ಸಾಜಿಯಾ ಕೆಲಸಕ್ಕ ಹೋಗ್ಲಿ.”

ಬಳಗ ಕಡಿದುಹೋಗುತ್ತದೆ ಎಂದ ದಾದಾಪೀರ. ತಾನೇ ಇಲ್ಲದ ಮೇಲೆ ಯಾವ ಬಳಗ ಎಂದು ಅವಳು ಕೇಳಿದಳು. ಮಕ್ತುಮಸಾಬ ಜೇಬಿನಿಂದ ಬರಿಗೈ ತೆಗೆದ. ಜೀವಮಾನದಲ್ಲಿ ಅವನು ಅಷ್ಟು ನಾಚಿದ್ದನ್ನು ಸಾಜಿಯಾ ನೋಡಿರಲಿಲ್ಲ. ಬಂದವರು ಬಾಡಿಗೆಯನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ಗೊಣಗುತ್ತ ಹೋದರು.

ಅಕ್ಬರಬಿ ಚೇತರಿಸಿಕೊಂಡು ಮನೆಗೆ ಬಂದಳು. ಮೊದಲ ಸರದಿಯ ಬೆಳಿಗ್ಗೆ, ಯಾರೂ ಬರಲಿಕ್ಕಿಲ್ಲ ಎಂದುಕೊಂಡು ಸಾಜಿಯಾ ಕೆಲಸ ಬಿಟ್ಟು ತಯಾರಾದಳು. ಚಪ್ಪಲಿ ಮೆಟ್ಟುವಾಗ ನೋಡಿದರೆ ಬಾಗಿಲಲ್ಲಿ ದಾದಾಪೀರ ಒಬ್ಬನೇ ನಿಂತಿದ್ದ. ಯಾರ ಮುಖವನ್ನೂ ನೋಡದೆ, ನೀನು ಪೇಟೆಗೆ ಹೋಗು ಬೇಟಿ, ನಾನಿದ್ದೇನೆ ಎಂದ.

ಬಸ್ಸಿನಲ್ಲಿ ತಂಗಿಯನ್ನು ಕಿಟಕಿಯ ಪಕ್ಕ ಕೂರಿಸಿದ. ಕಂಡಕ್ಟರ್ ಅವಳಿಗೆ ಪುಕ್ಕಟೆ ಟಿಕೆಟ್ ಹರಿದುಕೊಟ್ಟು ಅವನ ಮುಂದೆ ಕೈ ಚಾಚಿದ. ದಾದಾಪೀರ ತನ್ನ ಜೇಬಿನಿಂದ ದುಡ್ಡು ತೆಗೆದ.

“ಹಾವೇರಿ, ಒಂದು,” ಎಂದ. ಆಮೇಲೆ ತಂಗಿಯ ಕಡೆ ತಿರುಗಿ, “ಶುಕ್ರವಾರ ರಾಣೆಬೆನ್ನೂರಿನ ಬೀಗತಿ ಬರ್ತಾಳ. ಹೇಳಿ ಬಂದೇನಿ,” ಎಂದ.