ಹೊಗೆ ಕೋನಪ್ಪನ ದಾರಿ

ಹಣ್ಣಾದ ರೇಷ್ಮೆ ಹುಳವೊಂದನ್ನು ತಟ್ಟೆಯಿಂದ ಎತ್ತಿ ಚಂದ್ರಿಕೆಗೆ ಬಿಡುತ್ತಿದ್ದ ಆಂಜಿನಮ್ಮನ ಕೈ ಅರ್ಧಕ್ಕೇ ನಿಂತಿತು. ಕೋನಪ್ಪ ಮಾವ ಹೋದರು ಅಂತ ಬೆಳಗ್ಗೆ ಸುದ್ದಿ ಬಂದಾಗ ಅವಳಿಗೆ ಮೊದಲು ಬಂದದ್ದು ಅಳುವಲ್ಲ. ಎದೆಯ ಮೇಲಿಂದ ಏನೋ ಇಳಿದ ಹಾಗಾಗಿತ್ತು. ಇನ್ನು ತನ್ನ ಆ ಗುಟ್ಟು ಯಾರಿಗೂ ಗೊತ್ತಿಲ್ಲ ಅನ್ನುವ ಸಮಾಧಾನ, ಡೈರಿಯಲ್ಲಿ ಕೂಡ ಬರೆದುಕೊಳ್ಳಲಾಗದಂಥದ್ದು. ನಾನು ಇಷ್ಟು ಕೆಟ್ಟವಳೇ ಎಂದು ತನ್ನನ್ನೇ ಕೇಳಿಕೊಂಡಳು. ಹುಳ ಅವಳ ಬೆರಳ ಮೇಲೆ ತಲೆಯೆತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತಿತ್ತು.

"ಏನೇ, ಬಿ.ಎ. ಓದಿದ ಕೈ ಹುಳ ಬಿಡೋಕೂ ಯೋಚನೆ ಮಾಡುತ್ತಾ?" ಅಂದಳು ತಾಯಿ ಚಿಕ್ಕವೆಂಕಟಮ್ಮ. "ಬೇಗ ಬಿಡಮ್ಮ. ಇವು ಯಾರ ಸಾವಿಗೂ ಕಾಯಲ್ಲ. ತಟ್ಟೇಲೇ ನೂಲು ಬಿಟ್ವೋ, ತಿಂಗಳ ಕಷ್ಟ ಮಣ್ಣುಪಾಲು."

ಬಿದಿರ ಚಾಪೆಯ ಮೇಲೆ ಸುರುಳಿಯಾಗಿ ಪಟ್ಟಿ ಕೂರಿಸಿದ ಆ ಚಂದ್ರಿಕೆ ಕೋನಪ್ಪ ಹೆಣೆದದ್ದು. ಊರಿನ ಯಾವ ಹುಳದ ಮನೆ ಹೊಕ್ಕರೂ ಅವನು ಹೆಣೆದ ಚಂದ್ರಿಕೆಯೇ. ಅವನು ಮಾತ್ರ ಎಂಟು ವರ್ಷದಿಂದ ಒಂದು ಹುಳದ ಮನೆಯ ಹೊಸಿಲನ್ನೂ ದಾಟಿರಲಿಲ್ಲ. ಹೊಸದನ್ನು ಹೊರಗೋಡೆಗೆ ಒರಗಿಸಿ, "ಇಟ್ಟಿದೀನಿ ಕಣಮ್ಮಾ" ಅಂತ ಕೂಗಿ ಹೋಗಿಬಿಡುತ್ತಿದ್ದ. ಊರು ಅವನನ್ನು ಹೊಗೆ ಕೋನಪ್ಪ ಅನ್ನುತ್ತಿತ್ತು.

"ಮಂಗಮ್ಮತ್ತೆ ಮನೆಗೆ ಹೋಗಿ ಬರ್ತೀನಮ್ಮ."

"ಹೆಣ ನೋಡಿ ಬಂದೋಳು ಮೂರು ದಿನ ಹುಳ ಮುಟ್ಟಂಗಿಲ್ಲ, ಗೊತ್ತಲ್ಲ? ನಾನೊಬ್ಬಳೇ ಎಷ್ಟು ಅಂತ ಬಿಡಲಿ? ನಿಮ್ಮಪ್ಪ ಹೋಗವ್ರೆ. ಮನೆಗೊಬ್ಬರು ಸಾಕು."

ಆಂಜಿನಮ್ಮ ಹುಳವನ್ನು ಮೆತ್ತಗೆ ಪಟ್ಟಿಯ ಮೇಲೆ ಬಿಟ್ಟು, ಕೈ ತೊಳೆದು ಹೊರಟೇಬಿಟ್ಟಳು. ಅಮ್ಮನ ಬೈಗುಳ ಬೀದಿಯ ತಿರುವಿನ ತನಕ ಬಂತು.

*

ದಿನ್ನೆಪಾಳ್ಯ ಗುಡ್ಡದ ಕಾಡನ್ನೇ ಉಂಡು ಬೆಳೆದ ಊರು. ಸೌದೆ, ಬಿದಿರು, ಇದ್ದಲು. ಯುದ್ಧದ ಕಾಲದಲ್ಲಿ ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದಾಗ ಕೋನಪ್ಪನ ಭಟ್ಟಿಯ ಮುಂದೆ ಚಿಂತಾಮಣಿಯ ಲಾರಿ ಬಂದು ಕಾಯುತ್ತಿತ್ತು. ಆಮೇಲೆ ಗುಡ್ಡ ಬೋಳಾಯಿತು. ಐವತ್ತೇಳರಲ್ಲಿ ಸರ್ಕಾರ ಗಡಿಕಲ್ಲು ನೆಟ್ಟು, ಇನ್ನು ಕೊಡಲಿ ಒಳಗೆ ಬರಕೂಡದು ಅಂದಿತು.

ಗಂಡಸರು ಮಸೆದ ಕೊಡಲಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯಲ್ಲಿ ಸುಮ್ಮನೆ ಕೂತಿದ್ದಾಗ, ಕೋನಪ್ಪ ಶಿಡ್ಲಘಟ್ಟಕ್ಕೆ ನಡೆದು ಹೋಗಿ ಒಂದು ಹೊರೆ ಹಿಪ್ಪುನೇರಳೆ ಕಡ್ಡಿ ಹೊತ್ತು ತಂದ. "ಕಡಿದಿದ್ದಾಯ್ತು, ಇನ್ನು ನೆಡಣ ಬನ್ರಪ್ಪಾ" ಅಂದ. ನಕ್ಕವರೇ ಹೆಚ್ಚು. ನಂಬಿದವನು ಬಾವಿ ಇದ್ದ ಬಯ್ಯಪ್ಪ ಒಬ್ಬನೇ, ಆಂಜಿನಮ್ಮನ ತಂದೆ. ಮರುವರ್ಷ ಅವನ ನಡುಮನೆಯಲ್ಲಿ ಊರಿನ ಮೊದಲ ಹುಳ ಮೊಟ್ಟೆಯೊಡೆದವು. ನಕ್ಕವರೆಲ್ಲ ಕಿಟಕಿಯಲ್ಲಿ ಇಣುಕತೊಡಗಿದರು.

ಹುಳ ಬೆರಳುದ್ದ ಬೆಳೆದಿದ್ದಾಗ ದೊಡ್ಡವರೆಲ್ಲ ಕೆಂಚಾರ್ಲಹಳ್ಳಿಗೆ ಮದುವೆಗೆ ಹೋದರು. ಹದಿನಾಲ್ಕರ ಆಂಜಿನಮ್ಮ ಮೇವು ಹಾಕಲು ಮನೆಯಲ್ಲಿ ಉಳಿದಳು. ಕೋನಪ್ಪ ಹೊರಡುವಾಗ ಎರಡೆರಡು ಸಲ ಹೇಳಿದ್ದ: "ಮಳೆ ಬಂದ್ರೆ ಸೊಪ್ಪು ಹರವಿ ಆರಿಸಿ ಹಾಕಮ್ಮ. ಒದ್ದೆ ಸೊಪ್ಪು ಇವಕ್ಕೆ ವಿಷ." ಮಳೆ ಬಂತು. ಅವಳ ಕೈಯಲ್ಲಿ ಮೇಷ್ಟರು ಕೊಟ್ಟ ಪುಸ್ತಕವಿತ್ತು, ಕೊನೆಯ ಹತ್ತಿಪ್ಪತ್ತು ಪುಟ. ಸೊಪ್ಪನ್ನು ತೋಟದಿಂದ ತಂದ ಹಾಗೆಯೇ ತಟ್ಟೆಗೆ ಸುರಿದು ಓದಲು ಕೂತಳು. ಆ ದಿನ ಮೂರು ಸಲವೂ ಹಾಗೆಯೇ ಮಾಡಿದಳು.

ಮೂರನೆಯ ದಿನಕ್ಕೆ ಹುಳ ಕಪ್ಪಾಗಿ, ಮೆತ್ತಗಾಗಿ, ಮನೆಯೆಲ್ಲ ನಾರಿತು.

"ಒದ್ದೆ ಸೊಪ್ಪು ಹಾಕಿದ್ಯಾ?" ಬಯ್ಯಪ್ಪ ಅಬ್ಬರಿಸಿದ. "ಹಾಕಿದ್ರೆ ಹೇಳು, ನಾಳೆಯಿಂದ ನಿನಗೆ ಸ್ಕೂಲೂ ಇಲ್ಲ, ಪುಸ್ತಕಾನೂ ಇಲ್ಲ!"

ಕೋನಪ್ಪ ಬಗ್ಗಿ ತಟ್ಟೆಯ ಅಡಿಗೆ ಕೈ ಹಾಕಿದ, ಕೊಳೆತ ಎಲೆಯ ತೇವವನ್ನು ಬೆರಳಲ್ಲಿ ತಿಕ್ಕಿ ನೋಡಿದ. ಅವಳನ್ನೊಮ್ಮೆ ನೋಡಿದ. ಕೈಯನ್ನು ಪಂಚೆಗೆ ಒರೆಸಿಕೊಂಡ.

"ಮಗು ಮೇಲೆ ಯಾಕಪ್ಪಾ ಹಾರಾಡ್ತೀಯ, ಬಯ್ಯಪ್ಪ? ತಪ್ಪು ನಂದು. ಮದುವೆಗೆ ಹೊರಡೋ ದಿನ ಉಳಿದ ಮರದ ಬುಡ ಇದ್ದಲಿಗೆ ಸುಡ್ತಾ ಇದ್ದೋನು ಭಟ್ಟಿಯಿಂದ ಎದ್ದು ಹಂಗೇ ಬಂದ್ಬಿಟ್ಟೆ. ನನ್ನ ಮೈ ಹೊಗೇನೇ ಇವಕ್ಕೆ ತಾಕಿರೋದು."

ಅವನು ಒಳಗೆ ಬರುವುದು ಬಿಟ್ಟ ಮೇಲೆ ಮುಂದಿನ ಬೆಳೆ ಚೆನ್ನಾಗಿ ಬಂತು. ಅವನ ಹೊಗೆಯೇ ಕಾರಣ ಅಂತ ನಂಬಲು ಅಷ್ಟು ಸಾಕಾಯಿತು ಊರಿಗೆ. ಆಂಜಿನಮ್ಮ ಸ್ಕೂಲು ಮುಗಿಸಿ ಬೆಂಗಳೂರಿನ ಹಾಸ್ಟೆಲಿಗೆ ಹೋದಳು. ಪ್ರತಿ ರಜೆಯಲ್ಲೂ ಡೈರಿಯಲ್ಲಿ ಬರೆದಳು: ನಾಳೆ ಅಪ್ಪನಿಗೆ ಹೇಳಬೇಕು. ನಾಲ್ಕು ಡೈರಿ ತುಂಬ ಆ ನಾಳೆಗಳಿದ್ದವು. ಹೋದ ವರ್ಷ ಡಿಗ್ರಿ ಮುಗಿಸಿ ಬಂದಾಗ ಕೋನಪ್ಪ ಚಂದ್ರಿಕೆಯನ್ನು ಗೋಡೆಗೆ ಒರಗಿಸುತ್ತಾ, "ಪಾಸಾದ್ಯಂತೆ. ಒಳ್ಳೇದಾಯ್ತು ಬಿಡಮ್ಮ" ಅಂದಿದ್ದ. ಅವಳು ತಲೆ ತಗ್ಗಿಸಿದ್ದಳು.

*

ಕೋನಪ್ಪನ ಅಂಗಳದಲ್ಲಿ ಹತ್ತು ಹನ್ನೆರಡು ಜನರಷ್ಟೇ ಇದ್ದರು. ಚಟ್ಟಕ್ಕೆ ಬಿದಿರು ಹುಡುಕುವ ಕೆಲಸ ಇರಲಿಲ್ಲ. ಚಂದ್ರಿಕೆಗೆಂದು ಅವನೇ ಸೀಳಿಟ್ಟದ್ದು ಜಗಲಿಯ ಮೇಲೆ ಬಿದ್ದಿತ್ತು.

"ಸೌದೆಗೆ ಹೋದ ಗಾಡಿ ಬಂತೇನ್ರೋ?" ಊರ ಹಿರಿಯ ನರಸಪ್ಪ ಕೇಳಿದ.

"ಬಂತು ಕಣಣ್ಣೋ. ನಮ್ಮ ಸೌದೆ ಚಿಂತಾಮಣಿ ತುಂಬ ಉರೀತಿತ್ತು, ಈಗ ನಾವೇ ಅಲ್ಲಿ ಡಿಪೋ ಮುಂದೆ ನಿಂತ್ಕೊಂಡ್ವಿ" ಅಂದ ಗಾಡಿಯವನು. "ಸಾಲದೇ ಬಂದ್ರೆ ಹಿಪ್ಪುನೇರಳೆ ಕಡ್ಡಿ ಹಾಕಣ. ಅದೂ ಇವನು ತಂದಿದ್ದೇ ತಾನೆ!"

ಯಾರೋ ನಗಲು ಹೋಗಿ ಕೆಮ್ಮಿದರು.

ನರಸಪ್ಪ ಕೋನಪ್ಪನ ಹೆಂಡತಿಯ ಕಡೆ ತಿರುಗಿದ. "ಮಂಗಮ್ಮಾ, ತಪ್ಪು ತಿಳ್ಕೋಬ್ಯಾಡ. ಕೆರೆ ಓಣಿ ಹಿಡಿದು ಒಯ್ತೀವಿ. ದೊಡ್ಡ ಬೀದೀಲಿ ಎಲ್ಲರ ಮನೇಲೂ ಹುಳ ಹಣ್ಣಾಗವೆ. ಮುಂದೆ ಬೆಂಕಿ ಗಡಿಗೆ ಹೊಗೆ ಬೇರೆ. ಅದೂ ಹೋಗ್ತಾ ಇರೋನು ಯಾರು ಹೇಳು, ಕೋನಪ್ಪ. ಏಮಿ ಚೇಸ್ತಾಮಮ್ಮಾ, ಏನು ಮಾಡಣ ಹೇಳು?"

ಹೆಣದ ತಲೆಯ ಬಳಿ ಕೂತಿದ್ದ ಮಂಗಮ್ಮ ಮುಖ ಎತ್ತಿದಳು.

"ನನ್ನತ್ತೆ ದೊಡ್ಡ ಬೀದೀಲಿ ಹೋದ್ರು, ಮಾವ ಹೋದ್ರು. ಕಳ್ಳಬಟ್ಟಿ ಕುಡಿದು ಸತ್ತೋರನ್ನೂ ಅಲ್ಲೇ ಒಯ್ದ್ರಿ. ಇವರೇನು ಮಾಡಿದ್ರಣ್ಣಾ? ಹೋಗಲಿ ಬಿಡಿ, ಇದ್ದಾಗಲೇ ಇವರು ಏನೂ ಕೇಳಲಿಲ್ಲ, ಈಗ ಕೇಳ್ತಾರಾ." ಆಮೇಲೆ ಮೆಲ್ಲಗೆ ಹೆಣದ ಕಡೆ ತಿರುಗಿ, "ಹೊಗೆ ಬಿಟ್ಟು ಎಂಟು ವರ್ಷ ಆಯ್ತು. ಬೀಡಿ ಕೂಡ ಸೇದ್ತಿರಲಿಲ್ಲ" ಅಂದಳು.

ಬಯ್ಯಪ್ಪ ನೆಲ ನೋಡುತ್ತಾ ಹಗ್ಗ ಬಿಗಿಯುತ್ತಿದ್ದ. ಆಂಜಿನಮ್ಮ ಬಾಗಿಲ ಚೌಕಟ್ಟಿಗೆ ಅಂಟಿ ನಿಂತಿದ್ದಳು. ಬೆಳಗಿನ ಆ ಸಮಾಧಾನ ಈಗ ಎಲ್ಲೂ ಇರಲಿಲ್ಲ. ಗೊತ್ತಿದ್ದವನೊಬ್ಬ ಹೋಗಿದ್ದ, ಉಳಿದವಳು ತಾನೊಬ್ಬಳೇ. ಹೇಳುವುದಕ್ಕೆ ಇನ್ನೊಂದು ನಾಳೆ ಇರಲಿಲ್ಲ.

ಚಟ್ಟ ಎದ್ದಿತು. ಕೋನಪ್ಪನ ತಮ್ಮನ ಮಗ ಚನ್ನಕೇಶವ ಬೆಂಕಿ ಗಡಿಗೆ ಹಿಡಿದು ಮುಂದಾದ. ಹೆಂಗಸರು ಬರುವುದು ಕಟ್ಟೆಯ ತನಕ. ಅಲ್ಲಿ ದಾರಿ ಎರಡಾಗುತ್ತಿತ್ತು: ನೇರಕ್ಕೆ ದೊಡ್ಡ ಬೀದಿ, ಎಡಕ್ಕೆ ಕೆರೆ ಓಣಿ. ಬೀದಿಯ ಎರಡೂ ಕಡೆ ಹುಳದ ಮನೆಗಳ ಬಾಗಿಲು ಹಾಕಿದ್ದವು. ಬಾಗಿಲ ಸಂದಿಯಲ್ಲಿ ಹೆಂಗಸರ ಕಣ್ಣುಗಳಿದ್ದವು, ಆಂಜಿನಮ್ಮನ ತಾಯಿಯವೂ.

ಚನ್ನಕೇಶವ ಎಡಕ್ಕೆ ತಿರುಗಿದ.

"ಅಪ್ಪಾ" ಅಂದಳು ಆಂಜಿನಮ್ಮ. ಯಾರಿಗೂ ಕೇಳಿಸಲಿಲ್ಲ. ಎರಡನೆಯ ಸಲ ಬಂದ ದನಿ ಅವಳಿಗೇ ಪರಿಚಯ ಇರಲಿಲ್ಲ. "ಅಪ್ಪಾ, ನಿಲ್ಲಿ!"

ಚಟ್ಟದ ಮುಂಗೋಲು ಹೆಗಲ ಮೇಲಿದ್ದ ಬಯ್ಯಪ್ಪ ತಿರುಗಲಾಗದೆ ನಿಂತ. ಅವನ ಬೆನ್ನಷ್ಟೇ ಅವಳಿಗೆ ಕಾಣುತ್ತಿತ್ತು.

"ಮದುವೆಗೆ ಹೋಗಿದ್ರಲ್ಲ, ಆವತ್ತು ಒದ್ದೆ ಸೊಪ್ಪು ಹಾಕಿದ್ದು ನಾನು. ಮಾವನಿಗೆ ಗೊತ್ತಿತ್ತು."

ಬಯ್ಯಪ್ಪನ ಹೆಗಲ ಮೇಲೆ ಬಿದಿರು ಒಮ್ಮೆ ಕಿರ್ರೆಂದಿತು. ಚನ್ನಕೇಶವ ಗಡಿಗೆ ಹಿಡಿದು ಓಣಿಯ ಬಾಯಲ್ಲಿ ನಿಂತೇ ಇದ್ದ. ಗಡಿಗೆಯ ಹೊಗೆ ಮಾತ್ರ, ಯಾರನ್ನೂ ಕೇಳದೆ, ದೊಡ್ಡ ಬೀದಿಯ ಕಡೆಗೆ ಹೊರಟಿತ್ತು.