ತೊಕುಜಿಯ ನಾಡಿ

ನನ್ನ ಗಂಡ ತೊಕುಜಿ ಮತ್ತೆ ಕುಡಿಯಲು ಶುರುಮಾಡಿದ್ದಾರೆಂದು ಚಾಡಿ ಹೇಳಿದ್ದು ಅವರದೇ ನಾಡಿ. ಆ ನಾಡಿ ಹಿಡಿದಿದ್ದವರು ಮೈಗೆ ಸೂಜಿ ಚುಚ್ಚಿ ನೋವು ವಾಸಿಮಾಡುವ ನಮ್ಮ ಬೀದಿಯ ಸೂಜಿಯಮ್ಮ, ಮಿಸಾವೊ. ಹುಟ್ಟಿನಿಂದಲೇ ಕಣ್ಣಿಲ್ಲ. ಶಿಮೊನೊಸೆಕಿ ಬಂದರಿನ ಅರ್ಧ ಜನ ತಮ್ಮ ಸೊಂಟನೋವು, ಮಂಡಿನೋವು, ಕೆಟ್ಟ ನಿದ್ದೆ ಎಲ್ಲವನ್ನೂ ಅವರ ಚಾಪೆಯ ಮೇಲೆ ತಂದು ಸುರಿಯುತ್ತಾರೆ. ಕೂದಲಿನಷ್ಟು ಸಣ್ಣ ಸೂಜಿ ಚುಚ್ಚುವುದು ಅವರಿಗೆ ಕ್ಷಣದ ಕೆಲಸ. ಎಲ್ಲಿ ಚುಚ್ಚಬೇಕೆಂದು ತಿಳಿಯುವುದಕ್ಕೇ ಎರಡೂ ಮಣಿಕಟ್ಟು ಹಿಡಿದು, ಹೊಟ್ಟೆ ಒತ್ತಿ, ಮೈಯ ವಾಸನೆ ನೋಡಿ, ಬಹಳ ಹೊತ್ತು ಕೂರುತ್ತಾರೆ.

"ನಾಡಿ ಮೇಲ್ಮೇಲೆ ತೇಲ್ತಾ ಓಡ್ತಿದೆ ಕಣಮ್ಮ," ಎಂದರು ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು. "ಹೊಟ್ಟೆನೂ ಕಾದಿದೆ. ಉಷ್ಣ ಇಳೀಲಿ ಅಂತ ವಾರವಾರ ಸೂಜಿ ಹಾಕ್ತಿದೀನಿ. ಕಾಲಿನ ಜೋಮು ನೋಡಿದ್ರೆ ಜಾಸ್ತೀನೇ ಆಗ್ತಿದೆ ಅಂತಾರೆ. ಏನಾದ್ರೂ ತಗೋತಾರಾ?"

"ಬಿಟ್ಟು ಮೂರು ವರ್ಷ ಆಯ್ತಲ್ಲ."

"ಹಂಗಾ," ಎಂದರು ಸೂಜಿಯಮ್ಮ. ಆ ಒಂದು ಮಾತು ನನಗೆ ಸಾಕಾಯಿತು.

ಮೂರು ವರ್ಷದ ಹಿಂದೆ ಕುಡಿದು, ಮೀನಿನ ಗಾಡಿ ಸಮೇತ ಬಂದರಿನ ನೀರಿಗೆ ಬಿದ್ದವರು ಇವರು. ಇನ್ನೊಂದು ಸಲ ಮುಟ್ಟಿದರೆ ತಂಗಿಯ ಮನೆಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಎಂದು ಅಂದೇ ಹೇಳಿದ್ದೆ. ನಾನು ಬಾಯಿಮಾತಿಗೆ ಹೇಳುವವಳಲ್ಲ. ಅಂದಿನಿಂದ ಅವರು ಮನೆಗೆ ಬಂದ ಕೂಡಲೇ, ಕೋಟು ಇಸಿದುಕೊಳ್ಳುವ ನೆಪದಲ್ಲಿ ಬಾಯಿ ಮೂಸಿ ನೋಡುತ್ತೇನೆ. ಅನುಮಾನ ನನ್ನ ಹುಟ್ಟುಗುಣ. ನಂಬಿ ಮೋಸಹೋಗುವುದಕ್ಕಿಂತ ಇದೇ ಮೇಲು ಅನ್ನಿಸುತ್ತದೆ.

ಈಗ ಹಿಂದಿನದೆಲ್ಲ ಒಂದೊಂದಾಗಿ ನೆನಪಾಯಿತು. ಸೂಜಿಯ ದಿನ ಮಾತ್ರ ಇವರ ಮೈಯಲ್ಲಿ ಮೀನಿನ ವಾಸನೆ ಇರುತ್ತಿರಲಿಲ್ಲ, ಸಾಬೂನಿನ ಘಮ ಬರುತ್ತಿತ್ತು. ಕುಡಿತದ ಜೊತೆಗೆ ಯಾವಳಾದರೂ ಸೇರಿಕೊಂಡಿದ್ದಾಳೋ ಏನೋ. ಬಟ್ಟೆ ಮಡಚಿ ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟೆ. ಕಣ್ಣಾರೆ ಕಂಡು ಹೊರಡೋಣವೆಂದು ಮುಂದಿನ ವಾರ ಮೀನು ಮಾರುಕಟ್ಟೆಯಿಂದ ಅವರ ಹಿಂದೆಯೇ ನಡೆದೆ.

ಅವರು ಸಾಕೆ ಹೆಂಡದ ಅಂಗಡಿಗಳ ಗಲ್ಲಿಗೇ ತಿರುಗಿದರು.

"ಏನ್ ತೊಕುಜಿಯಣ್ಣ, ನಮ್ಮನ್ನ ಮರ್ತೇಬಿಟ್ರಾ?" ಎಂದಳು ಅಂಗಡಿ ಬಾಗಿಲಲ್ಲಿದ್ದ ಹೆಂಗಸು. ಇವರು ತಲೆ ಬಗ್ಗಿಸಿ ಮುಂದೆ ಹೋದರು. ಗಲ್ಲಿಯ ತುದಿಯಲ್ಲಿ, ಕಾಸು ಕೊಟ್ಟು ಬಿಸಿನೀರಲ್ಲಿ ಮೀಯುವ ಸ್ನಾನದ ಮನೆ ಹೊಕ್ಕರು. ಚಳಿಯಲ್ಲಿ ಕಾದೆ. ಹೊರಗೆ ಬಂದಾಗ ಬೇಯಿಸಿದ ಏಡಿಯಂತೆ ಕೆಂಪಗಿದ್ದರು, ತಲೆಯಿಂದ ಹಬೆ ಏಳುತ್ತಿತ್ತು.

"ಏನ್ರೀ ಇದು?" ಎಂದು ಅಡ್ಡ ನಿಂತೆ.

ಬೆಚ್ಚಿಬಿದ್ದರು. "ಸ್ನಾನ ಕಣೇ."

"ಮನೇಲಿ ನೀರಿರ್ಲಿಲ್ವಾ?"

"ಮನೆಗೆ ಬಂದು ಹೋದ್ರೆ ಹೊತ್ತಾಗುತ್ತೆ. ಸೂಜಿಯಮ್ಮಂಗೆ ಕಣ್ಣಿಲ್ದೆ ಇರ್ಬೋದು, ಮೂಗಿದೆ. ಬಂಗುಡೆ ಕರುಳು ಬಗ್ದು ಬಂದ ಮೈನ ಹಂಗೇ ಅವ್ರ ಕೈಗೆ ಕೊಡೋಕಾಗುತ್ತಾ? ಸುಡೋ ನೀರಲ್ಲಿ ಕತ್ತಿನವರೆಗೂ ಮುಳುಗಿ ಕೂತ್ರೇನೇ ಹೋಗೋದು, ಈ ದರಿದ್ರ ವಾಸನೆ."

"ಪ್ರತೀ ಸಲಾನೂ?"

"ಮತ್ತಿನ್ನೇನು."

ಹತ್ತಿರ ಹೋಗಿ ಬಾಯಿ ಮೂಸಿದೆ. ಏನೂ ಇಲ್ಲ. ಅವರ ಮಣಿಕಟ್ಟು ಹಿಡಿದೆ. ನಾಡಿ ಕುದುರೆಯಂತೆ ಓಡುತ್ತಿತ್ತು. ನನಗೆ ವೈದ್ಯವಿದ್ಯೆ ಗೊತ್ತಿಲ್ಲ, ಆದರೆ ಬಿಸಿನೀರು ನಾಡಿಯನ್ನು ಓಡಿಸುತ್ತದೆಂದು ಗೊತ್ತು.

"ಇವತ್ತು ಸೂಜಿ ಬೇಡ. ನಾಳೆ ಕೆಲಸ ಮುಗ್ಸಿ ನೇರ ಅಲ್ಲಿಗೇ ನಡೀರಿ, ಹಿಂಗೆ ತೊಳ್ಕೊಂಡಲ್ಲ, ಗಬ್ಬು ನಾರ್ಕೊಂಡೇ."

ಮಾರನೆಯ ದಿನ ಅವರು ನಾಚಿ ಮುದುಡಿ ಚಾಪೆಯ ಮೇಲೆ ಮಲಗಿದರು. ಸೂಜಿಯಮ್ಮ ಮೂಗೆಳೆದು, "ಯಾರಪ್ಪ ಇದು?" ಎಂದರು. ನಾಡಿ ಹಿಡಿದರು. ಬೆರಳು ಒತ್ತಿದರು, ಇನ್ನೂ ಒತ್ತಿದರು. ನಾನು ಸ್ನಾನದ ವಿಷಯ ಹೇಳಿದೆ.

ಸೂಜಿಯಮ್ಮನ ಮುಖ ಕಪ್ಪಿಟ್ಟಿತು. "ತಳದಲ್ಲಿ ದಾರದಷ್ಟು ಸಣ್ಣಗಿದೆ ಈ ನಾಡಿ. ಇದು ಥಂಡಿ ಕಣಮ್ಮ, ಮಂಜುಗಡ್ಡೆ ಹತ್ರ ನಿಂತೂ ನಿಂತೂ ಒಳಗೆ ಇಳ್ದಿರೋದು. ಇಷ್ಟು ದಿನ ನಾನು ಸ್ನಾನದ ಮನೆ ಬಿಸಿನೀರಿಗೆ ಸೂಜಿ ಹಾಕಿದೀನಿ. ಮೊದ್ಲೇ ತಣ್ಣಗಿರೋರನ್ನ ಇನ್ನೂ ತಣ್ಣಗೆ ಮಾಡಿದೀನಿ." ಆಮೇಲೆ ಇವರ ಕಡೆ ತಿರುಗಿ ಗದರಿದರು. "ಬಂಗುಡೆ ವಾಸನೆ ನಂಗೆ ಬೇಕಪ್ಪಾ. ಇರೋದನ್ನೆಲ್ಲ ತೊಳ್ಕೊಂಡು ಬಂದ್ರೆ ನಾನು ಏನು ನೋಡ್ಲಿ?"

ಸೂಜಿಯ ಡಬ್ಬಿ ಪಕ್ಕಕ್ಕಿಟ್ಟು, ಸುಟ್ಟು ಕಾವು ಕೊಡಲು ಒಣ ಮಾಚಿಪತ್ರೆಯ ಉಂಡೆ ಕಟ್ಟತೊಡಗಿದರು. "ಬಾಮ್ಮ, ಅಷ್ಟರಲ್ಲಿ ನೀನೂ ಮುಟ್ಟಿ ನೋಡು."

ಇವರ ಹೊಕ್ಕುಳ ಕೆಳಗೆ ಅಂಗೈ ಇಟ್ಟೆ. ಕೆಂಡದ ಒಲೆ ಉರಿಯುತ್ತಿದ್ದ ಕೋಣೆಯಲ್ಲೂ ಆ ಜಾಗ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಮೂರು ವರ್ಷ ದಿನವೂ ಇವರ ಬಾಯಿ ಮೂಸಿದ್ದೆ, ಒಂದು ದಿನವೂ ಹೀಗೆ ಕೈ ಇಟ್ಟಿರಲಿಲ್ಲ. ಬಾಗಿಲ ಹಿಂದಿನ ಚೀಲ ನೆನಪಾಗಿ ನನಗೆ ಅಳು ಬಂತು. ಕೈ ಹಿಂದಕ್ಕೆ ತೆಗೆಯಲು ಹೋದೆ.

"ಇರ್ಲಿ ಬಿಡೇ," ಎಂದರು ಅವರು ಕಣ್ಣು ಮುಚ್ಚಿಕೊಂಡೇ. "ಬೆಚ್ಚಗಿದೆ."