ಗೊತ್ತಿರುವ ಮುಖ

"ಇನ್ನೂ ಸ್ವಲ್ಪ ಬಾಗಿಲ ಕಡೆ ತಿರುಗು. ಅಷ್ಟಲ್ಲ, ಅಷ್ಟಲ್ಲ. ಗಲ್ಲ ಎತ್ತು."

"ಕತ್ತು ಉಳುಕುತ್ತೆ ಕಣೇ," ಎಂದಳು ಅಕ್ಕ. "ನೀನು ಫೋನ್ ಮಾಡೋದು ನನ್ನ ನೋಡೋಕೋ, ನಿನ್ನ ಫೋನ್ ನೋಡೋಕೋ? ಅದನ್ನ ಮೊದಲು ಹೇಳಿಬಿಡು."

"ಎರಡಕ್ಕೂ. ಸುಮ್ನೆ ಕೂತ್ಕೋ."

ಅಕ್ಕ ಸುಮ್ಮನೆ ಕೂರುವವಳೇ ಅಲ್ಲ. ಹೊಲಿಗೆ ಯಂತ್ರದ ಮೇಲೆ ದಾರದ ಡಬ್ಬಿಗೆ ಫೋನು ಒರಗಿಸಿಟ್ಟು, ತುಟಿಯ ಸಂದಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಇತ್ತ ತಂಗಿ ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ, ಊಟದ ಬಿಡುವಿನಲ್ಲಿ, ಡಬ್ಬಿ ತೆರೆದಿಟ್ಟು ತುತ್ತೆತ್ತುವುದನ್ನೇ ಮರೆತು ಆ ಮುಖವನ್ನು ನೋಡುತ್ತಿದ್ದಳು. ಹಳದಿ. ಇವತ್ತೂ ಹಳದಿ. ಕಂಡವರ ಕಣ್ಣಿಗೆಲ್ಲ ಬೀಳುವಷ್ಟಲ್ಲ. ಬಿಳಿ ಅಂಗಿಯನ್ನು ಎಷ್ಟು ಒಗೆದರೂ ಕಾಲರಿನ ಮಡಿಕೆಯಲ್ಲಿ ಉಳಿದುಬಿಡುತ್ತದಲ್ಲ, ಅಷ್ಟು.

ಹೊಸ ಫೋನಿನ ಪರದೆ ನೋಡಿ ಗುಣ ಹೇಳುವುದೇ ಅವಳ ಕೆಲಸ. ಅಂಗಡಿಗೆ ಬರಲು ಇನ್ನೂ ನಾಲ್ಕೈದು ತಿಂಗಳಿರುವ, ಅವಳಂಥವರು ಕೊಳ್ಳುವ ಮಾತೇ ಇಲ್ಲದ ದುಬಾರಿ ಫೋನುಗಳು ಮೊದಲು ಅವಳ ಕೈಗೆ ಬರುತ್ತಿದ್ದವು. ಕಪ್ಪು ಬಳಿದ ಗೋಡೆಗಳ ಒಂದು ಕೋಣೆ. ಉಟ್ಟ ಬಟ್ಟೆಯ ಬಣ್ಣ ಗಾಜಿನಲ್ಲಿ ಮೂಡಬಾರದೆಂದು ಒಂದು ಬೂದು ಮೇಲಂಗಿ. ಒಳಗೆ ಹೋಗಿ ಹತ್ತು ನಿಮಿಷ ಸುಮ್ಮನೆ ಕೂತು ಕಣ್ಣನ್ನು ಕತ್ತಲಿಗೆ ಒಗ್ಗಿಸಬೇಕು. ಆಮೇಲೆ ನೋಡಬೇಕು: ಕಪ್ಪು ನಿಜಕ್ಕೂ ಕಪ್ಪೇ, ಬಿಳಿ ನಾಲ್ಕು ಮೂಲೆಗೂ ಒಂದೇ ಬಿಳಿಯೇ, ಓರೆ ಹಿಡಿದರೆ ಹಸಿರಿಗೆ ಜಾರುತ್ತದೆಯೇ, ಬೆರಳಿನಿಂದ ಎಳೆದರೆ ಅಕ್ಷರಗಳು ಬಾಲ ಬಿಡುತ್ತವೆಯೇ. ಇದನ್ನೆಲ್ಲ ಯಂತ್ರವೂ ಅಳೆಯುತ್ತಿತ್ತು. ಯಂತ್ರಕ್ಕೆ ಅಳೆಯಲಾಗದ್ದು ಒಂದಿತ್ತು. ಅದಕ್ಕಾಗಿ ಆ ಆಫೀಸಿನಲ್ಲೊಂದು ಪದ್ಧತಿ: ಪರೀಕ್ಷೆ ಮಾಡುವವರು ಹೊಸ ಫೋನನ್ನು ಎರಡು ತಿಂಗಳು ಸ್ವಂತ ಫೋನಿನಂತೆಯೇ ಬಳಸಬೇಕು, ದಿನಕ್ಕೊಮ್ಮೆ ತಮಗೆ ಚೆನ್ನಾಗಿ ಗೊತ್ತಿರುವ ಒಂದು ಮುಖವನ್ನು ಅದರಲ್ಲಿ ನೋಡಿ, ಹೇಗೆ ಕಂಡಿತೆಂದು ತಾರೀಖು ಹಾಕಿ ಬರೆಯಬೇಕು. ಹೂವು, ಹಣ್ಣು, ಆಕಾಶ ಒಂದು ಛಾಯೆ ಅತ್ತಿತ್ತ ಆದರೂ ಕಣ್ಣು ಹೊಂದಿಕೊಂಡು ಹೋಗುತ್ತದೆ. ಗೊತ್ತಿರುವ ಮುಖದ ಹತ್ತಿರ ಆ ಆಟ ನಡೆಯುವುದಿಲ್ಲ.

ಆರು ವರ್ಷದಿಂದ ತಂಗಿ 'ಯಾರ ಮುಖ' ಎಂಬ ಕಾಲಮ್ಮಿನಲ್ಲಿ ಬರೆಯುತ್ತಿದ್ದುದು ಒಂದೇ ಹೆಸರು: ಅಕ್ಕ.

ಬೇರೆ ಯಾರನ್ನು ಬರೆಯುವುದು? ಅಮ್ಮ ಹೋದಾಗ ಅವಳಿಗೆ ಐದು ವರ್ಷ, ಅಕ್ಕನಿಗೆ ಹದಿನಾರು. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿದಳು, ಅಕ್ಕನ ಸೊಂಟದ ಮೇಲೆ ಬೆಳೆದಳು. ಬಣ್ಣ ನೋಡುವುದನ್ನು ಕಲಿತದ್ದೂ ಅಕ್ಕನ ಯಂತ್ರದ ಪಕ್ಕದಲ್ಲೇ, ಬಟ್ಟೆಗೆ ದಾರ ಹೊಂದಿಸುತ್ತ. ಅಜ್ಜಿಯ ಕಥೆಯೊಂದರಲ್ಲಿ ಒಬ್ಬ ಹುಡುಗಿಗೆ ಏಳು ಪದರ ಹೊಗೆಯ ಆಚೆಗೂ ತನ್ನವರು ಕಾಣುತ್ತಿದ್ದರಂತೆ. "ಅವಳು ನಮ್ಮ ಚಿಕ್ಕದೇ," ಎಂದು ಅಕ್ಕ ದಾರ ಹಲ್ಲಿನಲ್ಲಿ ಕಡಿಯುತ್ತ ಹೇಳುತ್ತಿದ್ದಳು.

ಹಳದಿಯನ್ನು ತಂಗಿ ಹಾಗೆಯೇ ಬಿಟ್ಟುಬಿಡಲಿಲ್ಲ. ಕ್ರಮವಾಗಿ ಬೆನ್ನಟ್ಟಿದಳು. ಮೊದಲು ಅನುಮಾನ ಬಂದದ್ದು ಅಕ್ಕನ ಹೊಲಿಗೆ ಅಂಗಡಿಯ ಬಲ್ಬಿನ ಮೇಲೆ. ಭಾವನಿಗೆ ಹೇಳಿ ಅದನ್ನು ಬದಲಾಯಿಸಿದಳು. ಒಮ್ಮೆಯಲ್ಲ, ಮೂರು ಸಲ. ಮೂರನೆಯ ಸಲ ಭಾವ ಸ್ಟೂಲಿನ ಮೇಲೆ ನಿಂತುಕೊಂಡೇ, "ಇನ್ನು ಸೂರ್ಯನ್ನೇ ಬಿಚ್ಚಿ ಹಾಕ್ಬೇಕಷ್ಟೆ," ಎಂದಿದ್ದ. ಆಮೇಲೆ ಗೋಡೆಯ ಬಣ್ಣವೇ ಮುಖಕ್ಕೆ ಹೊಡೆಯುತ್ತಿದೆಯೇನೋ ಎಂದು ಅಕ್ಕನ ಹಿಂದೆ ಬಿಳಿ ಪಂಚೆಯೊಂದನ್ನು ಇಳಿಬಿಡಿಸಿದಳು. ಅಕ್ಕನ ಕಡೆಯ ಕ್ಯಾಮೆರಾದ ಮೇಲೆ ಮಾತ್ರ ಅನುಮಾನವಿರಲಿಲ್ಲ. ಅದು ತಂಗಿಯದೇ ಹಳೆಯ ಫೋನು, ತಾನೇ ಪರೀಕ್ಷಿಸಿ ಒಪ್ಪಿದ್ದು. ಹೊಸದು ಕೈಗೆ ಬಂದ ವಾರವೇ ಅದನ್ನು ಅಕ್ಕನಿಗೆ ಕಳಿಸಿದ್ದಳು. ಒಂದೊಂದನ್ನೇ ತೆಗೆಯುತ್ತ ಬಂದರೆ ಕೊನೆಗೆ ಉಳಿದದ್ದು ಹೊಸ ಪರದೆ. ನೋಟ್‌ಬುಕ್ಕಿನಲ್ಲಿ ಅವಳು ಬರೆದಳು: 'ಮುಖ ಹಳದಿಗೆ ಜಾರುತ್ತಿದೆ. ಕಣ್ಣಿನ ಬಿಳಿಯಲ್ಲಿ ಹೆಚ್ಚು. ಪರದೆಯ ದೋಷ.'

ಅಳೆಯುವ ಯಂತ್ರದ ಮುಂದೆ ಕೂರುವವನನ್ನು ಎಲ್ಲರೂ ಮೀಟರಣ್ಣ ಎನ್ನುತ್ತಿದ್ದರು. ಅವನು ಇವಳಿಗೆ ಇಟ್ಟ ಹೆಸರು ಹದ್ದಮ್ಮ.

"ಹದ್ದಮ್ಮ, ನೂರು ಸಲ ಅಳೆದಿದ್ದೀನಿ," ಎಂದ ಅವನು. "ಬಿಳಿ ಬಿಳಿಯಾಗೇ ಇದೆ. ಚರ್ಮದ ಬಣ್ಣ ಎಲ್ಲಾ ಸರಿ ಇದೆ ಅಂತಿದೆ ಮೀಟರು."

"ನಿಮ್ಮ ಮೀಟರಿಗೆ ಅಕ್ಕ ಇದ್ದಾಳಾ?"

"ಇಲ್ಲ ತಾಯಿ. ಅದಕ್ಕೆ ಅಪ್ಪ ಅಮ್ಮನೂ ಇಲ್ಲ. ಬ್ಯಾಟರಿ ಒಂದಿದೆ."

ಇಡೀ ಕೋಣೆ ನಕ್ಕಿತು. ಆದರೆ ಆರು ವರ್ಷದಲ್ಲಿ ಅವಳ ಕಣ್ಣು ಒಮ್ಮೆಯೂ ತಪ್ಪಿದ್ದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ನಾಲ್ಕು ವಾರ ಹಟ ಹಿಡಿದಮೇಲೆ ಅವನೇ ಸೋತ. ಪರದೆಯ ಮೇಲೆ ಮುಖ ಬಂದಾಗ ಹಳದಿಯನ್ನಷ್ಟು ಇಳಿಸಿ ಕೆಂಪನ್ನಷ್ಟು ಏರಿಸುವ ಒಂದು ಸೆಟ್ಟಿಂಗ್ ಮಾಡಿ, ಪ್ರಯೋಗಕ್ಕೆಂದು ಅವಳ ಫೋನಿಗೊಂದಕ್ಕೇ ಹಾಕಿಕೊಟ್ಟ. ಅಂದು ಮಧ್ಯಾಹ್ನ ಕರೆ ಮಾಡಿದರೆ, ಅಕ್ಕ ಅಕ್ಕನಂತೆಯೇ ಕಂಡಳು. ಕೆನ್ನೆಯಲ್ಲಿ ರಕ್ತ, ಕಣ್ಣಲ್ಲಿ ಬೆಳಕು.

"ಏನು, ಹಲ್ಲು ಬಿಡ್ತಾ ಇದೀಯ?"

"ನೀನು ಚೆನ್ನಾಗಿ ಕಾಣ್ತಿದೀಯ ಅಕ್ಕ."

"ಕಾಣ್ದೆ ಏನು? ಸಣ್ಣಗಾಗಿದ್ದೀನಿ ನೋಡು. ನನ್ನ ರವಿಕೆನೇ ಎರಡು ಸಲ ಹಿಡಿದು ಹೊಲ್ದೆ. ಊಟ ಸೇರ್ತಿಲ್ಲ, ಅದೂ ಒಂದು ಥರ ಒಳ್ಳೇದೇ ಆಯ್ತು." ಅಕ್ಕ ಮೊಣಕೈ ಕೆರೆದುಕೊಂಡಳು. "ಈ ಉಣ್ಣೆ ಬಟ್ಟೆ ಹೊಲಿಯೋಕೆ ತಗೊಂಡಾಗಿಂದ ಮೈಯೆಲ್ಲ ನವೆ. ಇನ್ಮೇಲೆ ಅದನ್ನ ಒಪ್ಕೊಳಲ್ಲ."

ತಂಗಿ ಹ್ಞೂಂಗುಟ್ಟಿದಳು. ಅವಳ ಕಣ್ಣು ಇನ್ನೂ ಆ ಕೆನ್ನೆಯ ಮೇಲೇ ಇತ್ತು. 'ಸರಿಯಾಗಿದೆ' ಎಂದು ಬರೆದಳು. ಮುಂದಿನ ಮೂರು ವಾರವೂ ಅದನ್ನೇ ಬರೆದಳು.

ಒಂದು ಬೆಳಿಗ್ಗೆ ಅವಳು ಬೂದು ಮೇಲಂಗಿ ತೊಡುತ್ತಿರುವಾಗ ಮೀಟರಣ್ಣ ಬಾಗಿಲಲ್ಲಿ ಬಂದು ನಿಂತ.

"ಎಲ್ಲಾ ಫೋನಿಗೂ ನಿಮ್ಮ ಸೆಟ್ಟಿಂಗ್ ಹಾಕೋ ಮುಂಚೆ ಒಂದ್ಸಲ ನೋಡೋಣ ಅಂತ ನನ್ನ ಫೋನಿಗೆ ಹಾಕ್ಕೊಂಡೆ. ಮನೆಗೆ ವಿಡಿಯೋ ಕಾಲ್ ಮಾಡಿದ್ರೆ ಹೆಂಡತಿ ಮುಖ ಕೆಂಡ. ಕೋಪ ಬಂದಿದೆ ಅಂದ್ಕೊಂಡು, ಯಾಕೆ ಏನು ಅಂತಾನೂ ಕೇಳದೇ ಕ್ಷಮೆ ಕೇಳಿಬಿಟ್ಟೆ. ಅವಳು ಆಗಿಂದ ನಾನು ಏನೋ ಮಾಡಿದ್ದೀನಿ ಅಂತ ಹುಡುಕ್ತಾ ಇದಾಳೆ."

ತಂಗಿ ನಕ್ಕಳು. ಅವನು ನಗಲಿಲ್ಲ.

"ಆಮೇಲೆ ಇಲ್ಲಿ ನಾಲ್ಕು ಜನರ ಫೋನಿಗೆ ಹಾಕಿ ನೋಡಿದೆ. ಒಬ್ಬರ ಮಗಳು, ಒಬ್ಬರ ತಾತ, ಎಲ್ಲರದ್ದೂ ಕೆಂಪು. ಸೆಟ್ಟಿಂಗ್ ತೆಗೆದ್ರೆ ಎಲ್ಲರೂ ಸರಿ. ಪರದೇಲಿ ಏನೂ ಇಲ್ಲ ಹದ್ದಮ್ಮ. ನಿಮ್ಮ ಅಕ್ಕನ ಮುಖ ಒಂದೇ ಹಳದಿ."

ಅವನು ಹೇಳಿದ್ದು ಫೋನಿನ ಮಾತಾಗಿಯೇ. ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವನಂತೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಬಲ್ಬು, ಗೋಡೆ, ಕ್ಯಾಮೆರಾ, ಪರದೆ. ಒಂದೊಂದನ್ನೂ ಅನುಮಾನಿಸಿದ್ದಳು. ಮುಖವೊಂದನ್ನು ಮಾತ್ರ, ಅದು ಎಂದಿಗೂ ಬದಲಾಗದ್ದು ಎಂದು ನಂಬಿ, ಅದನ್ನೇ ಅಳತೆಗೋಲು ಮಾಡಿಕೊಂಡು ಕೂತಿದ್ದಳು.

ತಂಗಿ ಸೆಟ್ಟಿಂಗ್ ಆರಿಸಿ ಅಲ್ಲೇ ನಿಂತು ಕರೆ ಮಾಡಿದಳು. ಕರೆಯ ಮೂಲೆಯಲ್ಲಿ ಯಾವಾಗಲೂ ತನ್ನದೇ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಅಡ್ಡ ಬರುತ್ತದೆಂದು ಅದನ್ನು ಬೆರಳಿನಿಂದ ಬದಿಗೆ ಸರಿಸಿಬಿಡುವುದು ಅವಳ ರೂಢಿ. ಇಂದು ಸರಿಸಲಿಲ್ಲ. ಒಂದೇ ಗಾಜಿನೊಳಗೆ ಎರಡು ಮುಖ. ಮೂಲೆಯಲ್ಲಿದ್ದ ತನ್ನದು ತನ್ನಂತೆಯೇ ಇತ್ತು. ನಡುವಿನಲ್ಲಿದ್ದ ಅಕ್ಕ ಹಳೆಯ ಕಾಗದದ ಬಣ್ಣವಾಗಿದ್ದಳು.

"ಇದೇನೇ ಬೆಳಿಗ್ಗೆನೇ? ಕೆಲಸ ಇಲ್ವಾ?"

"ಅಕ್ಕ, ಅಂಗಡಿಯಿಂದ ಆಚೆ ಬಾ. ಬಿಸಿಲಿಗೆ."

"ಮತ್ತೆ ಶುರುವಾಯ್ತು ನಿನ್ನ ಬಣ್ಣದ ಹುಚ್ಚು…"

"ಬಾ ಅಂದೆ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ತೋರಿಸು."

ಅಕ್ಕ ಬಿಸಿಲಿಗೆ ಬಂದಳು. ಬೆರಳಿನಿಂದ ರೆಪ್ಪೆ ಎಳೆದಳು. ಅವಳ ಹಿಂದೆ ರಸ್ತೆಯಲ್ಲಿ ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು.

"ಕಾಣ್ತಾ? ಈಗ ಸರಿ ಆಯ್ತಾ ನಿನ್ನ ಫೋನು?"

"ಭಾವನ್ನ ಕರಿ," ಎಂದಳು ತಂಗಿ.

ಆಸ್ಪತ್ರೆಯಲ್ಲಿ ಎರಡು ದಿನ ಪರೀಕ್ಷೆಗಳಾದವು. ಮೂರನೆಯ ದಿನ ಡಾಕ್ಟರು ಭಾವನನ್ನೂ ತಂಗಿಯನ್ನೂ ತಮ್ಮ ಕೋಣೆಗೆ ಕರೆದು ಕೂರಿಸಿದರು. ತಂಗಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ದಣಿದ ಮುಖ, ಮೆತ್ತಗಿನ ಮಾತು. ಪಿತ್ತ ಇಳಿಯುವ ನಾಳದ ಬಾಯಲ್ಲೇ ಗೆಡ್ಡೆ ಬೆಳೆದಿದೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

"ಹಳದಿ ಯಾವಾಗಿಂದ ಕಾಣಿಸ್ಕೊಂಡಿದ್ದು?"

"ಹೋದ ವಾರದಿಂದ ಇರ್ಬೇಕು," ಎಂದ ಭಾವ. "ದಿನಾ ನೋಡೋ ಮುಖ. ಗೊತ್ತಾಗ್ಲೇ ಇಲ್ಲ ನಮಗೆ."

"ಐವತ್ತೆರಡು ದಿನ," ಎಂದಳು ತಂಗಿ.

ಇಬ್ಬರೂ ಅವಳ ಕಡೆ ತಿರುಗಿದರು.

"ಮಂಗಳವಾರ. ಮೊದಲು ಕಣ್ಣಿನ ಬಿಳೀಲಿ, ಮೂಗಿನ ಕಡೆ ಮೂಲೇಲಿ. ಹತ್ತನೇ ದಿನಕ್ಕೆ ಹಣೆಗೆ ಬಂತು. ಹದಿನೇಳನೇ ದಿನ ಅಂಗೈ ಹತ್ತಿರ ಹಿಡಿದಾಗ ಅಲ್ಲೂ ಇತ್ತು."

ಡಾಕ್ಟರು ಬರೆದುಕೊಳ್ಳುತ್ತ ತಲೆಯೆತ್ತಿದರು. "ಇಷ್ಟು ಕರಾರುವಾಕ್ಕಾಗಿ ಯಾರೂ ಹೇಳಲ್ಲ. ನೀವೂ ಆಸ್ಪತ್ರೇಲಿ ಕೆಲಸ ಮಾಡ್ತೀರಾ?"

"ಇಲ್ಲ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತ, ಆಗಲೇ ಬಂದಿದ್ದರೆ ಕತ್ತರಿಸಿ ತೆಗೆಯಬಹುದಿತ್ತೇನೋ ಎಂದರು. ಈಗ ಗೆಡ್ಡೆ ರಕ್ತನಾಳವನ್ನು ಸುತ್ತಿಕೊಂಡಿದೆ. ಒಂದು ನಳಿಗೆ ಇಟ್ಟು ಪಿತ್ತ ಇಳಿಸಿದರೆ ನವೆ ಕಡಿಮೆಯಾದೀತು, ಸ್ವಲ್ಪ ಊಟ ಸೇರೀತು. ಮಾಡಬಹುದಾದದ್ದು ಅಷ್ಟೇ ಎಂದರು.

ಹೊರಗೆ ಮೊಸಾಯಿಕ್ ನೆಲದ ಉದ್ದನೆಯ ಹಾದಿಯಲ್ಲಿ ಭಾವ ಬೆಂಚಿನ ಮೇಲೆ ಕೂತ. ಅವನ ಅಂಗಿಯ ತೋಳನ್ನು ಅಕ್ಕ ಹೊಲಿದ ಗುರುತು ಹತ್ತಿರದಿಂದ ನೋಡಿದರಷ್ಟೇ ಕಾಣುತ್ತಿತ್ತು.

"ನೀನು ಹೇಳಿದ್ದೆ," ಎಂದ. ಅದರಲ್ಲಿ ಕೊಂಕು ಇರಲಿಲ್ಲ. "ಬಲ್ಬ್ ಬದಲಾಯ್ಸಿ ಭಾವ, ಅಕ್ಕ ಹಳದಿ ಕಾಣ್ತಾಳೆ ಅಂದಿದ್ದೆ. ನೀನೊಬ್ಬಳೇ ಹೇಳಿದ್ದು."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಮೀಟರಣ್ಣ ಫೋನ್ ಮಾಡಿದ. ವರದಿಯ ಚಿಂತೆ ಬೇಡ, ಆ ಕಾಲಮ್ ಖಾಲಿ ಬಿಟ್ಟು ಕಳಿಸುತ್ತೇನೆ, ಫೋನು ವಾಪಸು ಕೊಡಲು ಆತುರವಿಲ್ಲ ಎಂದ. ಆಮೇಲೆ ಇನ್ನೇನೋ ಹೇಳಹೊರಟು, ಊಟ ಬಿಡಬೇಡಿ ಎಂದಷ್ಟೇ ಹೇಳಿ ಫೋನಿಟ್ಟ.

ನಳಿಗೆ ಇಟ್ಟ ಮಾರನೆಯ ದಿನ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ಮಂಚದ ಕಾಲಿನವರೆಗೆ ಬಂದಿತ್ತು. ಅಂಗಡಿಯ ಇಬ್ಬರು ಹಳೆಯ ಗಿರಾಕಿಗಳು ನೋಡಲು ಬರುವವರಿದ್ದರು.

"ಬಾಚಣಿಗೆ ಕೊಡು. ಹಿಂಗೇ ಕೂತ್ರೆ ಅರ್ಧ ಹೊಲಿದಿರೋ ಬಟ್ಟೆ ವಾಪಸ್ ಕೇಳ್ತಾರೆ ಅವರು," ಎಂದಳು ಅಕ್ಕ. ಬಾಚಣಿಗೆ ಕೈಗೆ ಬಂದಮೇಲೆ ಅದನ್ನು ತಿರುಗಿಸುತ್ತ ಕೂತಳು. "ಬೆಳಿಗ್ಗೆ ಬಚ್ಚಲ ಕನ್ನಡೀಲಿ ನೋಡ್ಕೊಂಡೆ ಕಣೇ. ಯಾರೋ ಹಿಂದೆ ನಿಂತಿದ್ದಾರೆ ಅಂತ ತಿರುಗಿ ನೋಡ್ದೆ."

ತಂಗಿ ಹೊದಿಕೆಯ ಮಡಿಕೆ ಸರಿಮಾಡಿದಳು.

"ಆ ಕನ್ನಡಿ ಸರಿ ಇಲ್ಲ ಅಲ್ವಾ?"

"ಇಲ್ಲ. ಪಾದರಸ ಹೋಗಿದೆ."

"ನಂಗೂ ಹಾಗೇ ಅನ್ಸ್ತು. ನಿನ್ನ ಫೋನಲ್ಲಿ ತೋರ್ಸು. ಅದು ದೊಡ್ಡ ಫೋನಲ್ವಾ, ಸುಳ್ಳು ಹೇಳಲ್ಲ."

ತಂಗಿ ಚೀಲದಿಂದ ಫೋನು ತೆಗೆದಳು. ಅಕ್ಕನ ಕಡೆ ಬೆನ್ನು ಮಾಡಿ ನಿಂತು ಕ್ಯಾಮೆರಾ ತೆರೆದಳು. ಮೂರು ಕಡೆ ಒತ್ತಿ, ಮೀಟರಣ್ಣ ಅವಳಿಗೊಬ್ಬಳಿಗೇ ಹಾಕಿಕೊಟ್ಟಿದ್ದ ಸೆಟ್ಟಿಂಗನ್ನು ಮತ್ತೆ ಹೊತ್ತಿಸಿದಳು. ಭುಜದ ಮೇಲಿಂದ ಪರದೆಯಲ್ಲಿ ಕಂಡ ಅಕ್ಕನ ಮುಖಕ್ಕೆ ಅದು ಸಾಲಲಿಲ್ಲ. ಕೆಂಪನ್ನು ಇನ್ನೆರಡು ಅಂಕ ಏರಿಸಿದಳು. ಆಮೇಲೆ ತಿರುಗಿ, ಫೋನನ್ನು ಅಕ್ಕನ ಮುಖದೆದುರು ಎರಡು ಕೈಯಲ್ಲೂ ಹಿಡಿದಳು.

ಅಕ್ಕ ನೋಡಿದಳು. ಬಹಳ ಹೊತ್ತು ನೋಡಿದಳು. ಕೆನ್ನೆಯನ್ನು ಬೆರಳಿನ ತುದಿಯಿಂದ ಮುಟ್ಟಿಕೊಂಡಳು.

"ಹ್ಞಾಂ," ಎಂದಳು ಮೆಲ್ಲಗೆ. "ಇದು ನಾನು."

ಕೂದಲನ್ನು ಮುಂದಕ್ಕೆ ತಂದುಕೊಂಡು ಮೂರು ಎಳೆ ಮಾಡಿದಳು. ಒಂದರ ಮೇಲೊಂದು ಎಳೆ ತಂದು ಹೆಣೆಯತೊಡಗಿದಳು. ನಡುವೆ ಕೈ ಸೋತಾಗ ಜಡೆಯನ್ನು ಹಾಗೇ ಹಿಡಿದುಕೊಂಡು ಸುಧಾರಿಸಿಕೊಂಡಳು; ಕಣ್ಣು ಮಾತ್ರ ಪರದೆಯ ಮೇಲೇ ಇತ್ತು. ತಂಗಿ ತೋಳು ಕೆಳಗಿಳಿಸಲಿಲ್ಲ. ಅರೆ ನಿಮಿಷಕ್ಕೊಮ್ಮೆ ಪರದೆ ತಾನಾಗಿ ಮಂಕಾಗುತ್ತ ಬರುತ್ತಿತ್ತು. ಆಗೆಲ್ಲ ಅವಳು ಹೆಬ್ಬೆರಳಿನಿಂದ ಅಂಚನ್ನು ಮುಟ್ಟುತ್ತಿದ್ದಳು.